ಇಲ್ಲದ ಹುಣಸೆಮರದ ಗುರುತು

ಸವಣೂರಿನ ಹೊರಗೆ, ಹೊಸ ಲೇಔಟಿಗೆ ಅಂಟಿಕೊಂಡಿರುವ ಕೆರೆಯ ತೂಬು ಸೋರತೊಡಗಿದಾಗ ನಾನು ಊರಲ್ಲೇ ಇದ್ದೆ. ಏರಿಯ ಕೆಳಗಿನ ನಮ್ಮ ಎಲೆಬಳ್ಳಿ ತೋಟ ಬದುಕಿರುವುದೇ ಆ ನೀರಿನಿಂದ. ಬೇಸಿಗೆಗೆ ಮೊದಲೇ ಕೆರೆ ಬರಿದಾದರೆ ಬಳ್ಳಿ ಉಳಿಯುವುದಿಲ್ಲ. ಅಪ್ಪ ತಾಟಿನ ಮುಂದೆ ಕೂತು ಅರ್ಧ ರೊಟ್ಟಿಗೇ ಏಳುತ್ತಿದ್ದ.

ತೂಬಿನ ಬಾಯಿ ನೀರಿನ ತಳದಲ್ಲಿದೆ. ಅದಕ್ಕೆ ಜಡಿದಿದ್ದ ಮರದ ಬೂಚು ಕೊಳೆತಿತ್ತು. ಗುರುತಿಗೆಂದು ನಿಂತಿದ್ದ ಕಲ್ಲುಕಂಬಗಳು ಎಂದೋ ಉರುಳಿ ಕೆಸರು ಸೇರಿದ್ದವು. ಊರವರು ಹೊರಗಡೆ ಮರಳಿನ ಚೀಲ ಒಟ್ಟಿ ನೋಡಿದರು. ನೀರು ಏರಿಯ ಮಣ್ಣನ್ನೇ ಕೊರೆಯತೊಡಗಿದ್ದರಿಂದ ಗಾಬರಿಯಾಗಿ ತೆಗೆದರು. ಒಳಬಾಯಿ ಎಲ್ಲಿದೆ ಎಂದು ತಿಳಿದವರು ಒಬ್ಬರೇ ಅಂದರು: ಹಿಂದೆ ಕೆರೆಯ ನೀರು ಬಿಡುವ ಕೆಲಸ ನೋಡಿಕೊಂಡಿದ್ದ ಚಾಚಾ.

ಅವರು ಬಂದು ತಮ್ಮ ಅಪ್ಪ ಕಲಿಸಿದ ಗುರುತು ಹೇಳಿದರು. "ನೀರಾಗ ನಿಂತು ನೋಡಿದ್ರ ದರ್ಗಾದ ಗುಮ್ಮಟ ಬುರುಜಿನ ನೆತ್ತಿಮ್ಯಾಲ ಬರಬೇಕು. ಇತ್ಲಾಗ ಗುಡಿ ಕಳಸ ಹುಣಸಿಗಿಡದ ಕವಲಿನ್ಯಾಗ ಕುಂದ್ರಬೇಕು. ಎರಡೂ ಕೂಡಿದಲ್ಲಿ ತೂಬು."

ಗುಮ್ಮಟ, ಬುರುಜು ಸರಿ, ಇವತ್ತಿಗೂ ಕಾಣುತ್ತವೆ. ಉಳಿದರ್ಧವನ್ನು ನಾನು ಒಪ್ಪಲಿಲ್ಲ.

"ಗಿಡ ಕಡದು ಎಷ್ಟ ವರ್ಷ ಆತ್ರಿ ಚಾಚಾ? ಕಳಸದ ಮುಂದ ಕಲ್ಯಾಣ ಮಂಟಪ ಎದ್ದೈತಿ. ಒಂದು ಇಲ್ಲ, ಇನ್ನೊಂದು ಕಾಣಂಗಿಲ್ಲ. ಗೆರಿ ಯಾವುದರಿಂದ ಯಾವುದಕ್ಕ ಎಳಿತೀರಿ?"

"ಭಾಳ ವಾದ ಮಾಡತಿ ಬೇಟಿ," ಅಂದರು. "ಹೋಗು, ಮಂಟಪದ ಮಾಳಿಗಿ ಹತ್ತಿ ನೀನ ಕಳಸ ಆಗು."

ಅಪ್ಪ ಗಿಡವಾಗಬೇಕು. ಅವನು ಕೆರೆದಂಡೆಯ ರಸ್ತೆಯಲ್ಲಿ ಗಿಡವಿದ್ದ ಜಾಗದಲ್ಲಿ ನಿಲ್ಲುವುದು. ನಾನು ಮಾಳಿಗೆಯ ಮೇಲೆ ಕಳಸಕ್ಕೂ ಅವನಿಗೂ ನಡುವೆ, ಒಂದೇ ನೇರಕ್ಕೆ ನಿಲ್ಲುವುದು. ನಾವಿಬ್ಬರೂ ಒಬ್ಬರ ಮೇಲೊಬ್ಬರು ಕಾಣುವವರೆಗೆ ಚಾಚಾ ಗುಮ್ಮಟ-ಬುರುಜಿನ ಗೆರೆ ಬಿಡದೆ ಮೀನುಗಾರನ ತೆಪ್ಪದಲ್ಲಿ ಸರಿಯುತ್ತಾ ಹೋಗುವುದು. ಲೆಕ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಅಪ್ಪ ಮಂಟಪದ ಗೇಟಿನ ಹತ್ತಿರ ಕೆಂಪು ಟವೆಲ್ ಎತ್ತಿ ನಿಂತ. ನಾನು ಹಳದಿ ವೇಲ್ ಎತ್ತಿದೆ. ತೆಪ್ಪ ನಿಂತಿತು, ಚಾಚಾ ಬಿದಿರಿನ ಗಳ ಇಳಿಸಿದರು. ಬರೀ ಕೆಸರು. ಇನ್ನೊಮ್ಮೆ, ಮತ್ತೊಮ್ಮೆ. ನೋಡ್ರಿ, ಹೇಳಿರಲಿಲ್ಲವೇ ಎಂಬ ಮಾತು ನನ್ನ ಬಾಯಿತನಕ ಬಂದಿತ್ತು. ಕೆಳಗೆ ಅಪ್ಪ ಎತ್ತಿದ ಟವೆಲ್ ಇನ್ನೂ ಇಳಿಸದೆ ನಿಂತದ್ದು ಕಂಡು ನುಂಗಿಕೊಂಡೆ.

ಅಪ್ಪನಿಗೆ ಫೋನ್ ಮಾಡಿ, ಅಲ್ಲೇ ಗಿಡವಿತ್ತೆಂದು ಹೇಗೆ ಗೊತ್ತು ಎಂದು ಕೇಳಿದೆ. ಎಷ್ಟು ಮಧ್ಯಾಹ್ನ ಇಲ್ಲೇ ಕೂತು ಚಹಾ ಕುಡಿದೇನಿ, ನನಗ ಗೊತ್ತಿಲ್ಲೇನು ಎಂದು ರೇಗಿದ.

ಮಧ್ಯಾಹ್ನ ಯಾರೂ ಗಿಡದ ಬುಡಕ್ಕೇ ಕೂರುವುದಿಲ್ಲ, ನೆರಳು ಸರಿದಲ್ಲಿ ಕೂರುತ್ತಾರೆ. ಅಪ್ಪನ ನೆನಪಿನಲ್ಲಿ ಉಳಿದದ್ದು ನೆರಳು. ಹಾಗಾದರೆ ಬುಡ?

ಆಗ ಮೇಲಿನಿಂದ ರಸ್ತೆ ನೋಡಿದೆ. ಗೇಟಿನಾಚೆ ನೇರವಾಗಿ ಬರುತ್ತಿದ್ದ ಡಾಂಬರು ಒಂದು ಕಡೆ ಕೆರೆಯತ್ತ ಸಣ್ಣಗೆ ಬಳುಕಿ ಮತ್ತೆ ನೇರವಾಗಿತ್ತು. ಅಲ್ಲಿ ಗೋಡೆಯಿಲ್ಲ, ಕಂಬವಿಲ್ಲ, ಗುಂಡಿಯಿಲ್ಲ. ಒಂದು ಬೈಕ್ ಬಂತು, ಬಳುಕಿ ಹೋಯಿತು. ಗಿಡವಿದ್ದಾಗ ಹಾಕಿದ ರಸ್ತೆ, ಅದು ಹೋದ ಮೇಲೂ ಅದಕ್ಕೆ ದಾರಿ ಬಿಟ್ಟೇ ಹರಿಯುತ್ತಿತ್ತು.

"ಅಪ್ಪಾ, ರಸ್ತೆ ಬಗ್ಗಿದಲ್ಲಿ ಹೋಗಿ ನಿಲ್ಲು. ಕೆರಿ ಕಡೆ ಅಲ್ಲ, ಈ ಕಡೆ, ಮಣ್ಣಿನ ಮ್ಯಾಲ."

ಅವನು ಸರಿದ. ಕಳಸ ನೋಡಿಕೊಂಡು ನಾನೂ ಸರಿದೆ. ತೆಪ್ಪ ದೂರ ಸರಿದು ನಿಂತಿತು. ಗಳ ಇಳಿಯಿತು. ಚಾಚಾ ಅದನ್ನು ಮೆಲ್ಲಗೆ ಎರಡು ಸಲ ಕುಟ್ಟಿದರು, ಆಮೇಲೆ ಗಳದ ಮೇಲೆ ಹಣೆ ಊರಿ ಹಾಗೇ ನಿಂತರು. ತೂಬಿನ ಕಲ್ಲು ತಾಗಿದ್ದು ಮಾಳಿಗೆಗೆ ಕೇಳಿಸುವಂತಿರಲಿಲ್ಲ. ನನಗೆ ಕೇಳಿಸಿದಂತೆಯೇ ಆಯಿತು.

ತೆಪ್ಪ ನಡೆಸುತ್ತಿದ್ದ ಮೀನುಗಾರ ಗೋಣಿತಾಟು ಸುತ್ತಿದ ಹೊಸ ಬೂಚು ಹಿಡಿದು ಮುಳುಗಿದ. ಸಂಜೆಗೆ ಏರಿಯ ಕೆಳಗಿನ ಕಾಲುವೆಯಲ್ಲಿ ಬೆರಳು ಅದ್ದುವಷ್ಟು ನೀರೂ ಹರಿಯುತ್ತಿರಲಿಲ್ಲ.

"ಇನ್ನೇನರ ವಾದ ಉಳದೈತೇನು?" ಎಂದು ಚಾಚಾ ಕೇಳಿದರು. ಇಲ್ಲರಿ ಅಂದೆ.

ಅಪ್ಪನ ಬೈಕಿನಲ್ಲಿ ಮನೆಗೆ ಹೊರಟೆವು. ರಸ್ತೆಯ ಬಳುಕಿನಲ್ಲಿ ಅವನು ವಾಲಿದ. ಹಿಂದೆ ಕೂತ ನಾನೂ ವಾಲಿ ತಲೆ ತಗ್ಗಿಸಿದೆ, ಕೊಂಬೆ ತಾಗೀತೆಂಬಂತೆ.