ನಾನು ಕತ್ತರಿಸಿದ ಹಸಿರು ರಿಬ್ಬನ್

ದೆಹಲಿಯ ಹೌಜ್ ಖಾಸ್‌ನಲ್ಲಿ ಕನ್ನಡಿಗ ವಕೀಲರೊಬ್ಬರ ಆಫೀಸು. ಅಲ್ಲಿ ಫೈಲು ಕಟ್ಟುವವಳು ನಾನು. ಆ ಕೆಲಸದಲ್ಲಿ ನನಗೆ ಕೊಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಜೆರಾಕ್ಸಿನ ಅಂಚಲ್ಲಿ ಕಪ್ಪು ನೆರಳು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಯಾವ ಕಾಗದ ಬಂದರೂ ಮೊದಲು ಪಿನ್ನು, ದಾರ ಕಿತ್ತು, ಹಾಳೆ ಬಿಡಿಸಿ ಜೆರಾಕ್ಸ್ ಮಾಡಿ, ಎರಡು ತೂತು ಹೊಡೆದು ಬಿಳಿ ಟ್ಯಾಗ್ ಹಾಕಿ ಕಟ್ಟಿಬಿಡುತ್ತಿದ್ದೆ.

ಆಗ ಓಖ್ಲಾದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕೇಸು ಬಂತು. ಅದರ ಮಾಲೀಕ ಕಂಪನಿ ಯುರೋಪಿನದು, ಅಲ್ಲೇ ದಿವಾಳಿಯಾಗಿತ್ತು. ಅಲ್ಲಿಯ ಕೋರ್ಟು ಆಸ್ತಿ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿತ್ತು. ಕಾರ್ಖಾನೆಯನ್ನು ಕೆಲಸಗಾರರ ಸಮೇತ ನಡೆಸುವವರಿಗೇ ಮಾರಬೇಕು ಅಂತ ಆತನ ಆಸೆ. ಆತನ ಪರವಾಗಿಯೇ ನಮ್ಮ ವಕೀಲರು ನಿಂತಿದ್ದರು. ಇಲ್ಲಿ ನೋಡಿದರೆ ಕಟ್ಟಡದ ಮಾಲೀಕ ಬಾಡಿಗೆ ಬಾಕಿಗೆ ಮಷೀನುಗಳನ್ನೇ ಹರಾಜಿಗೆ ಹಾಕಿಸಿದ್ದ. ಹರಾಜು ನಿಲ್ಲಬೇಕಾದರೆ ಆ ದೇಶದ ಆದೇಶವನ್ನು ನಮ್ಮ ಕೋರ್ಟು ಒಪ್ಪಬೇಕು. ಒಪ್ಪಲೇಬೇಕು ಅನ್ನುವ ಸ್ಪಷ್ಟ ಕಾನೂನು ನಮ್ಮಲ್ಲಿಲ್ಲ. ಎಲ್ಲ ಜಡ್ಜರ ಕೈಯಲ್ಲಿ.

ಪ್ರತಿ ತಾರೀಖಿಗೂ ಕಾರ್ಖಾನೆಯ ಕಟಿಂಗ್ ಮಾಸ್ಟರ್‌ಜಿ ಟಿಫಿನ್ ಡಬ್ಬಿ ಹಿಡಿದು ಬಂದು ಕೋರ್ಟಿನ ಹೊರಗಿನ ಬೆಂಚಲ್ಲಿ ಕೂರುತ್ತಿದ್ದರು. "ಈ ವಯಸ್ಸಲ್ಲಿ ನನಗೆ ಬೇರೆ ಯಾರು ಕೆಲಸ ಕೊಡ್ತಾರೆ ಬೇಟಾ? ಅದು ತೆರೆದರೆ ನಾನುಂಟು" ಅನ್ನುತ್ತಿದ್ದರು.

ಹರಾಜಿಗೆ ನಾಲ್ಕೇ ದಿನ ಇರುವಾಗ ಆದೇಶದ ದೃಢೀಕೃತ ಪ್ರತಿ ಕೊರಿಯರ್‌ನಲ್ಲಿ ಬಂತು. ಮೂಲೆಯಲ್ಲಿ ಹಸಿರು ರಿಬ್ಬನ್ ಪೋಣಿಸಿ, ಅದರ ಮೇಲೆ ಕೆಂಪು ಸೀಲು ಒತ್ತಿದ್ದರು. ಹಾಳೆ ಮಗುಚಿದರೆ ಜೆರಾಕ್ಸಿನಲ್ಲಿ ನೆರಳು ಬರುತ್ತಿತ್ತು. ಕತ್ತರಿ ತಗೊಂಡು ರಿಬ್ಬನ್ ಕತ್ತರಿಸಿದೆ.

ಮರುದಿನ ಕೋರ್ಟಿನಲ್ಲಿ ಜಡ್ಜರು ಫೈಲು ತೆರೆದು ತುಂಡಾದ ರಿಬ್ಬನ್ ಎತ್ತಿ ಹಿಡಿದರು. "ಬಿಚ್ಚಿ ಕಟ್ಟಿದ್ದೀರಿ. ಯಾವ ಹಾಳೆ ಅಲ್ಲಿಯದು, ಯಾವುದು ಇಲ್ಲಿ ಸೇರಿದ್ದು ಅಂತ ಹೇಗೆ ನಂಬಲಿ? ಹೊಸ ಪ್ರತಿ ತನ್ನಿ" ಅಂದರು. ಹೊಸ ಪ್ರತಿಗೆ ಮೂರು ವಾರ ಬೇಕಿತ್ತು. ಹೊರಗೆ ಬಂದ ಮೇಲೆ ನಮ್ಮ ವಕೀಲರು, "ಏನಮ್ಮಾ, ಒಂದು ಮಾತು ಕೇಳಬಾರದಿತ್ತಾ?" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ಸತ್ತಂತಾಯಿತು. ಮಾಸ್ಟರ್‌ಜಿಗೆ ಮಾತ್ರ ಅವರು, ಅಲ್ಲಿಂದ ಬಂದ ಕಾಗದವೇ ಸರಿಯಿರಲಿಲ್ಲ ಅಂತ ಹೇಳಿ ನನ್ನನ್ನು ಉಳಿಸಿದರು.

ಹರಾಜು ನಡೆದೇ ಹೋಯಿತು. ಮಷೀನುಗಳನ್ನು ಬಿಡಿಬಿಡಿಯಾಗಿ ಯಾರ್ಯಾರೋ ಕೊಂಡೊಯ್ದರು.

ಮುಂದಿನ ತಿಂಗಳು ಕೇಸಿಗೆಂದು ಕೊಟ್ಟಿದ್ದ ತಮ್ಮ ಕಾಗದ ವಾಪಸ್ ತಗೊಳ್ಳಲು ಮಾಸ್ಟರ್‌ಜಿ ಆಫೀಸಿಗೆ ಬಂದರು. ಹೊಸ ಪ್ರತಿ ನನ್ನ ಮೇಜಿನ ಮೇಲೇ ಇತ್ತು, ಯಾರಿಗೂ ಬೇಡವಾಗಿ. ಅವರು ಅದರ ರಿಬ್ಬನ್ ಮುಟ್ಟಿ, ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು.

"ಕಟ್ಟೋಕೆ ಬರುತ್ತೆ ಅವರಿಗೆ. ಮೊದಲನೇ ಸಲ ಏನಾಗಿತ್ತೋ" ಅಂದರು. ಆಮೇಲೆ, "ನೀನು ನಮಗೋಸ್ಕರ ಎಷ್ಟು ಓಡಾಡಿದೆ ಬೇಟಾ" ಅಂತ ಕೈ ಮುಗಿದರು.

ಹೇಳಬೇಕಿತ್ತು. "ಚಹಾ ತರಿಸಲಾ?" ಅಂತ ಕೇಳಿದೆ.