ಅಪ್ಪನ ಮಳೆ ಪುಸ್ತಕದ ಖಾಲಿ ಸಾಲು

ಮೊರಬದಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಸರ್ಕಾರದ ಮಳೆ ಮಾಪಕವಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಪಾತ್ರೆಯಲ್ಲಿ ಅಳೆದು ಪುಸ್ತಕದಲ್ಲಿ ಬರೆಯುವುದು ಅಪ್ಪನ ಕೆಲಸ. ಎಷ್ಟೋ ವರ್ಷಗಳಿಂದ ಒಂದು ಸಾಲೂ ಖಾಲಿ ಬಿಟ್ಟವನಲ್ಲ. ಈ ಲೆಕ್ಕ ಪುಣೆಯ ಹವಾಮಾನ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಪರದೇಶಕ್ಕೆ. ಗಡಿಯಲ್ಲಿ ಬಂದೂಕು ಹಿಡಿದು ನಿಂತ ದೇಶಗಳೂ ಮಳೆಯ ಲೆಕ್ಕವನ್ನು ಮಾತ್ರ ಒಬ್ಬರಿಗೊಬ್ಬರು ಕೊಡುತ್ತವೆ ಎಂದು ತಪಾಸಣೆಗೆ ಬಂದ ಸಾಹೇಬರೊಬ್ಬರು ಹೇಳಿ ಹೋಗಿದ್ದರು. ಎಂಬತ್ತರ ದಶಕದ ಕೊನೆಗೆ, ಭೂಮಿ ಬಿಸಿಯಾಗುತ್ತಿದೆ, ದೇಶದೇಶದವರು ಕೂತು ಚರ್ಚಿಸುತ್ತಿದ್ದಾರೆ ಎಂದು ರೇಡಿಯೋದಲ್ಲಿ ಬಂತು. "ನಮ್ಮ ಪುಸ್ತಕ ಇಲ್ಲಂದ್ರ ಅವರು ಏನ್ ಮಾತಾಡ್ತಾರ್ಲೇ?" ಎಂದ ಅಪ್ಪ. ನಾವು ನಕ್ಕೆವು.

ಆ ವರ್ಷ ಅವನಿಗೆ ಕಾಲುನೋವು; ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಆಷಾಢದಲ್ಲಿ ಮಳೆ ಕೈಕೊಟ್ಟಿತ್ತು. ಒಂದು ಸಂಜೆ ಹುಡುಗಿಯರು ಮಳೆ ಬೇಡಲು ಸಗಣಿಯಲ್ಲಿ ಮಾಡಿದ ಗುರ್ಜಿ ಗೊಂಬೆಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಬಂದರು. ಅವ್ವ ಗುರ್ಜಿಯ ಮೇಲೆ ನೀರು ಸುರಿದಳು. ಬೆಳಗಿನ ಜಾವ ನಾಲ್ಕು ಹನಿ ಬಿತ್ತು. ಎಂಟೂವರೆಗೆ ಮಾಪಕ ತೆಗೆದರೆ, ಅಬ್ಬಬ್ಬಾ, ಗಾಜಿನ ಪಾತ್ರೆ ಎರಡು ಸಲ ತುಂಬಿ ಮಿಕ್ಕಿತು! ಅಂಗಳದ ಮಣ್ಣು ಮಾತ್ರ ಸರಿಯಾಗಿ ನೆನೆದೇ ಇರಲಿಲ್ಲ.

"ತಂಬಿಗ್ಯಾಗ ಉಳಿದ ನೀರು ಅದಕ್ಕೂ ಹಾಕಿದ್ನೆಪಾ" ಎಂದಳು ಅವ್ವ. "ಮಳಿ ಹಿಡಿಯೋ ಪಾತ್ರಿ ಒಣಗಿ ನಿಂತಿತ್ತು. ಅದನ್ನ ಬಿಟ್ಟು ಗುರ್ಜಿಗಷ್ಟ ಹಾಕಿದ್ರ ಹೆಂಗ?"

"ಎಷ್ಟ್ ಹಾಕಿದಿ?"

"ಅದನ್ಯಾರು ಅಳದಾರ? ಒಂದಿಷ್ಟು ಹೊರಗ ಚೆಲ್ಲಿತು."

ನನಗೆ ಸಿಟ್ಟು ನೆತ್ತಿಗೇರಿತು. ಓಣಿಗೆಲ್ಲ ಕೇಳುವ ಹಾಗೆ ಬೈದೆ. ಹೆತ್ತವಳಿಗೆ ಹಾಗೆ ಬೈಯಬಾರದಿತ್ತು. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ಅಪ್ಪನ ಹತ್ತಿರ ಹೋಗಿ, ಅಂದಾಜಿಗೆ ಎರಡು ಮಿಲಿಮೀಟರ್ ಅಂತ ಬರೆದುಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಸಾಲೂ ಖಾಲಿ ಉಳಿಯುವುದಿಲ್ಲ ಎಂದೆ.

ಅಪ್ಪ ಪುಸ್ತಕ ತರಿಸಿಕೊಂಡ. "ಅಷ್ಟು ದೇಶದವ್ರು ನಂಬಿ ಕುಂತಾರ. ಅಂದಾಜು ಬ್ಯಾಡ" ಎಂದು ತಾನೇ ಪೆನ್ನು ಹಿಡಿದು, ಅಂಕಿ ಬರೆಯುವಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಎರಡು ಮಾತು ಬರೆದ.

ಬಾಗಿಲಲ್ಲಿ ನಿಂತಿದ್ದ ಅವ್ವ ಮೆಲ್ಲಗೆ ಕೇಳಿದಳು, "ನನ್ನ ಹೆಸರು ಬರದ್ರೇನ್ರಿ?"

"ಇಲ್ಲ. ಅಳತಿ ಸಿಗಲಿಲ್ಲ ಅಂತಷ್ಟ ಬರದೇನಿ."

ಕಾಲು ವಾಸಿಯಾದ ಮೇಲೂ ಅಪ್ಪ ಆ ಪುಸ್ತಕ ಮುಟ್ಟಲಿಲ್ಲ. ಕೊಡಲು ಹೋದರೆ "ನಂದು ಒಂದು ಸಾಲು ಖಾಲಿ ಬಿತ್ತು. ಇನ್ನ ಮ್ಯಾಲ ನೀನ ಬರಿ" ಎಂದ. ಎಂಟೂವರೆಗೆ ಮಾತ್ರ ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.