ಬಿದಿರಿಗೆ ಬಿದ್ದ ಹಿರಿಯರ ಚಹಾ

ಲುಕಾಂಗಿನ ನಮ್ಮ ಮನೆಯಲ್ಲಿ ಗ್ಯೊಕ್‌ಲಾನ್ ಅಕ್ಕ ಹಿರಿಯ ಸೊಸೆ, ನಾನು ಕಿರಿಯವಳು. ಕೆಳಗಿನ ಶಾವಿಗೆ ಅಂಗಡಿಯ ಪಾತ್ರೆ, ಮೇಲಿನ ಮನೆಯ ನೆಲ, ಅತ್ತೆಯ ಮಾತ್ರೆ ಎಲ್ಲ ಅಕ್ಕನ ಪಾಲು. ಮೂವತ್ತೊಂದು ವರ್ಷದಲ್ಲಿ ಅವಳು ಒಂದು ದಿನವೂ ಮನೆ ಬಿಟ್ಟು ಇದ್ದವಳಲ್ಲ. ಈ ಸಲ ಹ್ವಾಲಿಯೆನ್‌ನಲ್ಲಿರುವ ತಂಗಿಯ ಮನೆಗೆ ಐದು ದಿನ ಹೋಗಲು ರೈಲಿನ ಟಿಕೆಟ್ ತೆಗೆಸಿದ್ದಳು.

ಅಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಹೂದಾನಿಯ ನೀರಿನಲ್ಲಿಟ್ಟಿದ್ದ ಅದೃಷ್ಟದ ಬಿದಿರು ಹಳದಿಯಾಯಿತು. ಹಸಿರಾಗಿದ್ದಾಗ ಅದು ಅಕ್ಕನ ಗಂಡ, ನನ್ನ ಭಾವನ ಅದೃಷ್ಟ. ಹಳದಿಯಾದ ಮೇಲೆ ಅಕ್ಕನ ಅಸಡ್ಡೆ.

"ಮನೆ ಅದೃಷ್ಟ ಒಣಗ್ತಿದೆ, ನೀನು ಊರು ಸುತ್ತೋಕೆ ಹೊರಟಿದ್ದೀಯ. ಅದು ಚಿಗುರಲಿ, ಆಮೇಲೆ ಹೋಗು," ಅಂದರು ಅತ್ತೆ.

ಅಕ್ಕ ಹೂದಾನಿಯನ್ನು ನನ್ನ ಮೂಗಿಗೆ ಹಿಡಿದಳು. "ಮೂಸಿ ನೋಡೇ."

ಹುಳಿ ಹಿಡಿದ ಚಹಾದ ವಾಸನೆ. ದಿನಾ ಬೆಳಿಗ್ಗೆ ತೀರಿಹೋದ ಹಿರಿಯರ ಪೀಠಕ್ಕೆ ಮೂರು ಬಟ್ಟಲು ಚಹಾ ಇಡುತ್ತೇವೆ. ಅವರು ಮುಟ್ಟಿದ್ದನ್ನು ಚರಂಡಿಗೆ ಚೆಲ್ಲಲು ಅತ್ತೆಗೆ ಮನಸ್ಸು ಬರದೆ ಬಿದಿರಿಗೆ ಸುರಿಯುತ್ತಿದ್ದರು.

"ಹೇಳಿಬಿಡು ಅಕ್ಕ."

"ಹಿರಿಯರ ಚಹಾ ವಿಷ ಅಂತ ನಾನು ಹೇಳಿದ್ರೆ ನನ್ನನ್ನೇ ಚರಂಡಿಗೆ ಸುರೀತಾರೆ."

ಬಿದಿರು ಕಡ್ಡಿಗಳಿಗೆ ಕಟ್ಟಿದ್ದ ಕೆಂಪು ಪಟ್ಟಿಯನ್ನು ಅವಳೇ ಕತ್ತರಿಸಿದಳು. ಮೆತ್ತಗಾದ ಕಡ್ಡಿಗಳನ್ನು ಎಸೆದು, ಮೂರರ ಹಸಿರು ತುದಿಯನ್ನಷ್ಟೇ ಕೊಯ್ದು, ಕ್ಲೋರಿನ್ ಹೋಗಲೆಂದು ಒಂದು ದಿನ ಬಕೆಟ್ಟಿನಲ್ಲಿ ನಿಲ್ಲಿಸಿದ್ದ ನೀರಿನಲ್ಲಿಟ್ಟು, ನನ್ನ ಕೋಣೆಯ ಕಿಟಕಿಯಲ್ಲಿ ಅಡಗಿಸಿ, ಉಳಿದ ಹಳದಿ ಕಡ್ಡಿಗಳನ್ನು ಹೂದಾನಿಯಲ್ಲೇ ಬಿಟ್ಟಳು. ಮೂರು ವಾರಕ್ಕೆ ಕೆಂಪು ಬೇರು ಇಣುಕಿತು. ಆದರೆ ಕೆಳಗೆ ತಂದಿಟ್ಟರೆ ಮತ್ತೆ ಚಹಾ.

ಹೊರಡುವ ಹಿಂದಿನ ದಿನ ಅಕ್ಕ ಬೇರು ಬಿಟ್ಟ ಬಿದಿರನ್ನು ಅತ್ತೆಯ ಮುಂದಿಟ್ಟು, ಪೀಠದ ಎದುರು ಕೂತು, ಹಿರಿಯರ ಒಪ್ಪಿಗೆ ಕೇಳಲು ನೆಲಕ್ಕೆಸೆಯುವ ಅರ್ಧಚಂದ್ರಾಕಾರದ ಎರಡು ಮರದ ತುಂಡು ಕೈಗೆತ್ತಿಕೊಂಡಳು. "ಹಿರಿಯರೇ, ಇನ್ಮೇಲೆ ನಿಮ್ಮ ಚಹಾನ ಮಲ್ಲಿಗೆ ಕುಂಡಕ್ಕೆ ಹಾಕ್ಲಾ?" ಎಸೆದಳು. ಒಂದು ತುಂಡು ಬೋರಲು, ಒಂದು ಅಂಗಾತ: ಹಿರಿಯರು ಹೂಂ ಅಂದ ಹಾಗೆ. ಮೂರು ಸಲವೂ ಹಾಗೇ ಬಿತ್ತು.

ಹಿರಿಯರ ಮಾತಿಗೆ ಅತ್ತೆ ಎದುರಾಡಲಿಲ್ಲ. ತುಂಡುಗಳನ್ನು ಕಿತ್ತುಕೊಂಡು ತಾವೇ ಕೇಳಿದರು: "ಇವಳನ್ನ ಕಳಿಸ್ಬಹುದಾ?"

ಎರಡೂ ಅಂಗಾತ. ಅಂದರೆ ಹಿರಿಯರು ನಗುತ್ತಿದ್ದಾರೆ. ಮತ್ತೆ ಎಸೆದರು. ಮತ್ತೆ ನಗು.

"ಇನ್ನೊಂದ್ಸಲ ಹಾಕಮ್ಮ," ಅಂದ ಭಾವ.

"ನೀನು ಸುಮ್ನಿರೋ. ಗೊತ್ತಿರೋದನ್ನೇ ಕೇಳ್ತಾಳೆ ಮುದುಕಿ ಅಂತ ನಗ್ತಿದಾರೆ." ಅತ್ತೆ ಅಕ್ಕನ ಕಡೆ ತಿರುಗಿದರು. "ಹೋಗಿ ಬಾ. ಐದು ದಿನ ಸಾಲದಿದ್ರೆ ಅಲ್ಲಿಂದ ಫೋನ್ ಮಾಡು."

ಅಕ್ಕ ಅಲ್ಲಿವರೆಗೂ ಕಾಯಲಿಲ್ಲ. "ಹಾಗಾದ್ರೆ ಎಂಟು ದಿನ, ಅತ್ತೆ," ಅಂದಳು.